ಅಂಗನವಾಡಿ ಪಕ್ಕದ ಖಾಲಿ ಸೈಟ್‌ನಲ್ಲಿ ಮಕ್ಕಳಿಗೆ ಸೊಪ್ಪು, ತರಕಾರಿ ಬೆಳೆಯಬೇಕು ಅಂತಿದ್ದೇವೆ. ಮಾಡಿದವರು ಯಾರಾದರೂ ಇದ್ದೀರಾ?

ಕೆಂಗೇರಿ ಕೈತೋಟ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಇರುವುದು ಕೆಂಗೇರಿ ಉಪನಗರದ ಹತ್ತಿರ. ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಅಂಗನವಾಡಿ ನಡೆಯುತ್ತಿದೆ. ಸುಮಾರು ಮೂವತ್ತು ಮಕ್ಕಳು ಬರುತ್ತಾರೆ. ಅರ್ಧಕ್ಕರ್ಧ ಮಕ್ಕಳು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಅಂಗನವಾಡಿಯ ಗೋಡೆಗೆ ಅಂಟಿಕೊಂಡೇ 30×40 ಸೈಟ್ ಒಂದು ಖಾಲಿ ಬಿದ್ದಿದೆ. ತುಂಬ ಪಾರ್ಥೇನಿಯಂ, ಒಡೆದ ಟೈಲ್ಸ್, ಪ್ಲಾಸ್ಟಿಕ್ ಕವರು. ಮಾಲೀಕರು ಹೈದರಾಬಾದಿನಲ್ಲಿದ್ದಾರೆ. ಫೋನ್ ಮಾಡಿ ಕೇಳಿದಾಗ "ಕ್ಲೀನ್ ಮಾಡಿಕೊಂಡು ಏನು ಬೇಕಾದರೂ ಬೆಳೆಯಿರಿ, ನಾನು ಮನೆ ಕಟ್ಟುವಾಗ ಬಿಟ್ಟುಕೊಡಿ" ಅಂದರು.

ಬೀದಿಯ ಏಳೆಂಟು ಮನೆಯವರು ಕೈ ಜೋಡಿಸುತ್ತೇವೆ ಅಂದಿದ್ದಾರೆ. ಅಂಗನವಾಡಿ ಟೀಚರ್‌ಗೂ ಖುಷಿ. ಅಲ್ಲಿ ಮಧ್ಯಾಹ್ನ ಅನ್ನ, ಹುಳಿ ಇರುತ್ತದೆ, ಆದರೆ ಹುಳಿಯಲ್ಲಿ ತರಕಾರಿ ತೀರಾ ಕಮ್ಮಿ. ನಮಗೆ ಗೊತ್ತಾಗಬೇಕಾದದ್ದು ಇಷ್ಟು. ಇಷ್ಟು ಜಾಗದಲ್ಲಿ ಮೂವತ್ತು ಮಕ್ಕಳಿಗೆ ಸಾಕಾಗುವಷ್ಟು ಬೆಳೆಯಲು ಆಗುತ್ತದಾ? ಏನು ಹಾಕಬೇಕು? ಇದರಿಂದ ಮಕ್ಕಳ ಆರೋಗ್ಯಕ್ಕೆ ನಿಜವಾಗಲೂ ಏನಾದರೂ ಆಗುತ್ತದಾ, ಅಥವಾ ನಮ್ಮ ಸಮಾಧಾನಕ್ಕೆ ಮಾಡಿದಂತಾಗುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಟೆರೇಸ್ ತೋಟ
ಮಾಡಿ ಮಾಡಿ! ದಂಟು, ಪಾಲಕ್, ಮೆಂತ್ಯದಿಂದ ಶುರು ಮಾಡಿ. ತಿಂಗಳೊಳಗೆ ಕೈಗೆ ಬರುತ್ತೆ. ಟೊಮ್ಯಾಟೊ, ಹೂಕೋಸಿಗೆ ಮೊದಲೇ ಕೈ ಹಾಕಬೇಡಿ, ಹುಳಕ್ಕೆ ಔಷಧಿ ಹೊಡೆಯುವ ಆಸೆ ಬಂದುಬಿಡುತ್ತೆ.

ಲೆಕ್ಕ ಹೇಳಿ
ಒಳ್ಳೆಯ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ಸುಮ್ನೆ ಹೊರಡಬೇಡಿ. ಮೂವತ್ತು ಮಕ್ಕಳಿಗೆ ದಿನಕ್ಕೆ ಎಷ್ಟು ಕೆ.ಜಿ. ಬೇಕು, ಸೈಟ್ ಎಷ್ಟು ಕೊಡುತ್ತೆ, ನೀರು ಎಷ್ಟು ಹೋಗುತ್ತೆ ಅಂತ ಹಾಳೆಯ ಮೇಲೆ ಬರೆದು ನೋಡಿ. ಇಂಥ ತೋಟಗಳು ಮಳೆಗಾಲದಲ್ಲಿ ಶುರುವಾಗಿ ಫೆಬ್ರವರಿಗೆ ಒಣಗಿ ನಿಂತಿರುವುದನ್ನು ನಮ್ಮ ಏರಿಯಾದಲ್ಲೇ ನೋಡಿದ್ದೇನೆ.

ಜಿಕೆವಿಕೆ ಹಳೇ ವಿದ್ಯಾರ್ಥಿ
ಲೆಕ್ಕ ನಾನು ಹಾಕಿಕೊಡುತ್ತೇನೆ. ಚಿಕ್ಕ ಮಗುವಿಗೆ ದಿನಕ್ಕೆ 50 ಗ್ರಾಂ ಸೊಪ್ಪು ಅಂತ ಇಟ್ಟುಕೊಳ್ಳಿ. ಮೂವತ್ತು ಮಕ್ಕಳಿಗೆ ಒಂದೂವರೆ ಕೆ.ಜಿ. ವಾರದಲ್ಲಿ ಮೂರು ದಿನ ಸೊಪ್ಪು ಅಂದರೆ ನಾಲ್ಕೂವರೆ ಕೆ.ಜಿ. ಮೂರು ತಿಂಗಳಿಗೆ ಹತ್ತಿರ ಹತ್ತಿರ 60 ಕೆ.ಜಿ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಗುಣ ಅಂತ ಒಂದು ದಂಟಿನ ತಳಿ ಇದೆ. ಬುಡದಿಂದ ಕೀಳಬೇಕಿಲ್ಲ, ಕೊಯ್ದಷ್ಟೂ ಚಿಗುರುತ್ತದೆ. 90 ದಿನದಲ್ಲಿ ಹೆಕ್ಟೇರಿಗೆ 25ರಿಂದ 30 ಟನ್ ಬರುತ್ತದೆ. ಅಂದರೆ ಒಂದು ಚದರ ಮೀಟರಿಗೆ ಎರಡೂವರೆ, ಮೂರು ಕೆ.ಜಿ. ಅದು ಸಂಶೋಧನಾ ಕೇಂದ್ರದ ಇಳುವರಿ. ನಮ್ಮ ಕೈಯಲ್ಲಿ ಅದರ ಅರ್ಧ ಬರುತ್ತದೆ ಅಂದುಕೊಂಡರೂ 500 ಚದರ ಅಡಿಯಲ್ಲಿ ಈ 60 ಕೆ.ಜಿ. ಸಿಗುತ್ತದೆ. ನಿಮ್ಮ ಸೈಟ್ 1200 ಚದರ ಅಡಿ. ಓಡಾಡುವ ದಾರಿ ಬಿಟ್ಟರೂ ಅಲಸಂದೆ, ಬೆಂಡೆ, ಹೀರೆ ಚಪ್ಪರಕ್ಕೆ ಜಾಗ ಉಳಿಯುತ್ತದೆ.

ಒಂದೇ ಸಲ ಎಲ್ಲ ಮಡಿಗೂ ಬೀಜ ಚೆಲ್ಲಬೇಡಿ. ಹತ್ತು ದಿನಕ್ಕೊಂದು ಮಡಿ ಬಿತ್ತಿ. ಇಲ್ಲದಿದ್ದರೆ ಒಂದು ವಾರ ಹದಿನೈದು ಕೆ.ಜಿ. ಬಂದು ಹಂಚಲು ಪರದಾಡುತ್ತೀರಿ, ಮುಂದಿನ ಮೂರು ವಾರ ಏನೂ ಇರುವುದಿಲ್ಲ.

ಲೆಕ್ಕ ಹೇಳಿ
ಇದು ಮಾತು. ಥ್ಯಾಂಕ್ಸ್ ಸಾರ್. ನೀರಿನದೂ ಹೇಳಿಬಿಡಿ.

ಜಿಕೆವಿಕೆ ಹಳೇ ವಿದ್ಯಾರ್ಥಿ
ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕಾಗುತ್ತದೆ. ಐವತ್ತು ಚದರ ಮೀಟರ್ ಮಡಿ ಮಾಡಿದರೆ 200ರಿಂದ 250 ಲೀಟರ್. ತರಗು, ಒಣಹುಲ್ಲು ಹೊದಿಸಿದರೆ ಸ್ವಲ್ಪ ಕಮ್ಮಿ ಆಗುತ್ತದೆ.

ಟ್ಯಾಂಕರ್ ನೀರು
2024ರ ಮಾರ್ಚ್ ನೆನಪಿದೆಯಾ? ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಅಂತ ಯಾರೂ ಹೇಳಲು ಆಗುವುದಿಲ್ಲ. ನಿಮ್ಮ ತೋಟಕ್ಕೆ ಕಾವೇರಿ ನೀರು ಎಂದು ಲೆಕ್ಕ ಇಟ್ಟುಕೊಳ್ಳಲೇಬೇಡಿ. ಅಂಗನವಾಡಿಯ ಅಕ್ಕಿ, ಬೇಳೆ ತೊಳೆದ ನೀರು, ಪಕ್ಕದ ಮನೆಗಳ ಆರ್‌ಒ ಬಿಡುವ ನೀರು (ಇದಕ್ಕೆ ಬೇರೆ ನೀರು ಬೆರೆಸಿ, ಉಪ್ಪಿನಂಶ ಜಾಸ್ತಿ), ಮಳೆನೀರಿಗೆ ಒಂದು ದೊಡ್ಡ ಸಿಂಟೆಕ್ಸ್. ಇಷ್ಟರಲ್ಲಿ ಎಷ್ಟು ಮಡಿ ಆಗುತ್ತೋ ಅಷ್ಟೇ ಮಾಡಿ.

ನೈಸ್ ರೋಡ್ ಪಕ್ಕ
ಬೋರ್‌ವೆಲ್ ಇದ್ದರೆ ಮುಗೀತಲ್ಲ, ಕೆಂಗೇರಿ ಕಡೆ ನೀರು ಚೆನ್ನಾಗಿದೆ.

ಬೆಳ್ಳಂದೂರು ವಾಸಿ
ದಯವಿಟ್ಟು ಅವಸರ ಮಾಡಬೇಡಿ. ಕೆಂಗೇರಿ ಪಕ್ಕದಲ್ಲೇ ವೃಷಭಾವತಿ ಹರಿಯುತ್ತದೆ. ಊರಿನ ಕೊಳಚೆ, ಕಾರ್ಖಾನೆ ನೀರು ಎಲ್ಲ ಅದರಲ್ಲೇ. ನಮ್ಮ ಕಡೆ ಬೆಳ್ಳಂದೂರು, ವರ್ತೂರು ಕೆರೆ ನೀರಿನಲ್ಲಿ ಬೆಳೆದ ಸೊಪ್ಪಿನ ಕಥೆ ಎಲ್ಲರಿಗೂ ಗೊತ್ತು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲು ಸೇರುವುದೇ ಸೊಪ್ಪಿಗೆ. ಬೇಯಿಸಿದರೆ ಹೋಗುವುದಿಲ್ಲ, ತೊಳೆದರೂ ಪೂರ್ತಿ ಹೋಗುವುದಿಲ್ಲ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಅದು ಮೆದುಳಿಗೇ ಪೆಟ್ಟು. ಮಕ್ಕಳಿಗೆ ಪೌಷ್ಟಿಕಾಂಶ ಕೊಡಲು ಹೋಗಿ ವಿಷ ಕೊಟ್ಟಂತೆ ಆಗಬಾರದು. ಬೋರ್ ನೀರನ್ನು ಮೊದಲು ಲ್ಯಾಬ್‌ಗೆ ಕೊಡಿ.

ಜಿಕೆವಿಕೆ ಹಳೇ ವಿದ್ಯಾರ್ಥಿ
ಬೆಳ್ಳಂದೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಮಣ್ಣಿಗೂ ಇದೇ ಮಾತು. ನಾಲ್ಕೈದು ಕಡೆ ಅರ್ಧ ಅಡಿ ಅಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಪರೀಕ್ಷೆಗೆ ಕೊಡಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್ ಇಂಥವನ್ನೇ ನೋಡುತ್ತಾರೆ. ಸೀಸ, ಕ್ಯಾಡ್ಮಿಯಂ ನೋಡಿ ಅಂತ ಬಾಯಿಬಿಟ್ಟು ಕೇಳಬೇಕು.

ನೀವು ಹೇಳಿದ ಸೈಟ್‌ನಲ್ಲಿ ಒಡೆದ ಟೈಲ್ಸ್ ಇದೆ ಅಂದರೆ ಹಳೇ ಮನೆ ಒಡೆದ ಡೆಬ್ರಿ ತಂದು ಸುರಿದಿದ್ದಾರೆ ಅಂತಲೇ ಅರ್ಥ. ಅದರಲ್ಲಿ ಹಳೇ ಪೇಂಟ್ ಇರುತ್ತದೆ, ಸಿಮೆಂಟ್ ಇರುತ್ತದೆ. ಆ ನೆಲದಲ್ಲಿ ನೇರವಾಗಿ ಬಿತ್ತಬೇಡಿ. ಇಟ್ಟಿಗೆ ಅಥವಾ ಸೈಜು ಕಲ್ಲು ಜೋಡಿಸಿ ಒಂದು ಅಡಿ ಎತ್ತರದ ಮಡಿ ಕಟ್ಟಿ, ಹೊರಗಿನಿಂದ ಕೆಮ್ಮಣ್ಣು, ಕೊಳೆತ ಕೊಟ್ಟಿಗೆ ಗೊಬ್ಬರ ತರಿಸಿ ತುಂಬಿ. ಖರ್ಚು ಇಲ್ಲೇ ಜಾಸ್ತಿ ಆಗುವುದು, ಬೀಜಕ್ಕಲ್ಲ.

ಕೆಂಗೇರಿ ಕೈತೋಟ
ನೀರು, ಮಣ್ಣು ಎರಡನ್ನೂ ಪರೀಕ್ಷೆಗೆ ಕೊಡುತ್ತೇವೆ. ಇದನ್ನು ಹೇಳಿದ್ದಕ್ಕೆ ತುಂಬ ಉಪಕಾರ. ಎತ್ತರದ ಮಡಿಗೆ ದುಡ್ಡು ಬೀದಿಯವರೇ ಹಾಕಿಕೊಳ್ಳುತ್ತೇವೆ.

ಹೊಟ್ಟೆ ತುಂಬ
ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸರ್ಕಾರ ಅಂಗನವಾಡಿಗೆ ದಿನಸಿ ಕೊಡುತ್ತೆ, ಹಾಲು ಕೊಡುತ್ತೆ, ಮೊಟ್ಟೆ ಕೊಡುತ್ತೆ. ನಾವು ಹೋಗಿ ತರಕಾರಿ ಬೆಳೆದರೆ ನಾಳೆ "ಊರವರೇ ಕೊಡ್ತಾರಲ್ಲ" ಅಂತ ಅದರ ದುಡ್ಡೂ ನಿಲ್ಲಿಸಿಬಿಡುತ್ತಾರೆ. ಸರ್ಕಾರ ಮಾಡಬೇಕಾದ ಕೆಲಸವನ್ನು ನಾವು ಯಾಕೆ ತಲೆಮೇಲೆ ಹೊತ್ತುಕೊಳ್ಳಬೇಕು?

ಅಂಗನವಾಡಿ ಅಕ್ಕ
ನಾನು ಅಂಗನವಾಡಿ ಕಾರ್ಯಕರ್ತೆ, ಬೆಂಗಳೂರಿನಲ್ಲೇ ಬೇರೆ ಕಡೆ. ಮೇಲಿನವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಷ್ಟ ಬೇರೆ ಇದೆ. ಅಕ್ಕಿ, ಬೇಳೆ ಮೇಲಿನಿಂದ ಬರುತ್ತದೆ. ತರಕಾರಿ ಮಾತ್ರ ನಾವೇ ಕೊಳ್ಳಬೇಕು, ಅದಕ್ಕೆ ಕೊಡುವ ದುಡ್ಡು ಬೆಂಗಳೂರಿನ ರೇಟಿಗೆ ಎಲ್ಲಿಗೂ ಸಾಲುವುದಿಲ್ಲ. ಟೊಮ್ಯಾಟೊ ರೇಟ್ ಏರಿದ ತಿಂಗಳು ಹುಳಿಗೆ ಹುಣಸೆಹಣ್ಣೇ ಗತಿ. ಅಂಥ ಹೊತ್ತಲ್ಲಿ ಪಕ್ಕದ ತೋಟದಿಂದ ಒಂದು ಬುಟ್ಟಿ ಸೊಪ್ಪು ಬಂದರೆ ನಿಜವಾಗಲೂ ಅನುಕೂಲ.

ಇನ್ನೊಂದು ಮಾತು, ಇದನ್ನು ಯಾರೂ ಯೋಚಿಸುವುದಿಲ್ಲ. ಸೊಪ್ಪು ತಂದು ಕೊಟ್ಟರೆ ಬಿಡಿಸುವವರು ಯಾರು? ನಮ್ಮಲ್ಲಿ ಇರುವುದು ಒಬ್ಬ ಸಹಾಯಕಿ. ಬೆಳಿಗ್ಗೆ ಬಂದು ಗುಡಿಸಬೇಕು, ಮಕ್ಕಳನ್ನು ಮನೆ ಮನೆಯಿಂದ ಕರೆತರಬೇಕು, ಅಡುಗೆ ಮಾಡಬೇಕು, ಮಧ್ಯೆ ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ಬದಲಿಸಬೇಕು. ಎರಡು ಕೆ.ಜಿ. ದಂಟು ಬಿಡಿಸಿ, ಮೂರು ಸಲ ನೀರು ಬದಲಿಸಿ ತೊಳೆದರೂ ಬೋಗುಣಿಯ ತಳದಲ್ಲಿ ಕೆಂಪು ಮಣ್ಣು ನಿಂತಿರುತ್ತದೆ. ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತದೆ. ಕೊನೆಗೆ ಆಯಮ್ಮ "ಇವತ್ತು ಬೇಡ ಬಿಡಕ್ಕ" ಅನ್ನುತ್ತಾರೆ. ಅವರದೂ ತಪ್ಪಲ್ಲ. ಅದಕ್ಕೇ ಹೇಳುತ್ತೇನೆ, ಬೆಳೆಯುವವರು ಬಿಡಿಸಿ, ತೊಳೆದು, ಹೆಚ್ಚಿ ಬೆಳಿಗ್ಗೆ ಹತ್ತೂವರೆಯೊಳಗೆ ಕೊಡಿ. ಆಗ ಅದು ಪಾತ್ರೆಗೆ ಬೀಳುತ್ತದೆ.

ಟೆರೇಸ್ ತೋಟ
ಅಕ್ಕ, ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಎಷ್ಟು ಸರಿಯಾದ ಮಾತು.

ಹೊಟ್ಟೆ ತುಂಬ
ಅಕ್ಕ, ನಿಮ್ಮ ಬಗ್ಗೆ ನನಗೆ ಗೌರವ ಇದೆ. ನಾನು ಕೇಳುವುದೂ ಅದನ್ನೇ, ತರಕಾರಿಗೆ ಕೊಡುವ ದುಡ್ಡು ಜಾಸ್ತಿ ಮಾಡಿ ಅಂತ ಎಲ್ಲರೂ ಸೇರಿ ಕೇಳಬೇಕಲ್ವಾ? ತೋಟ ಮಾಡಿದರೆ ಕೇಳುವ ಬಾಯಿ ಮುಚ್ಚಿಹೋಗುತ್ತೆ.

ಅಂಗನವಾಡಿ ಅಕ್ಕ
ಎರಡೂ ಮಾಡಿ. ಬಾಲವಿಕಾಸ ಸಮಿತಿ ಅಂತ ಪ್ರತಿ ಅಂಗನವಾಡಿಗೂ ಇರುತ್ತದೆ. ಅದರ ಸಭೆಗೆ ಬಂದು ಕೂರಿ, ತರಕಾರಿ ದುಡ್ಡು ಸಾಲದು ಅಂತ ನಡಾವಳಿಯಲ್ಲಿ ಬರೆಸಿ, ಸಹಿ ಹಾಕಿ. ಊರಿನವರ ಸಹಿ ಇದ್ದರೆ ನಮ್ಮ ಮಾತಿಗೂ ತೂಕ ಬರುತ್ತದೆ.

ಪುಟ್ಟ ಮಕ್ಕಳ ಡಯಟಿಷಿಯನ್
ಮಕ್ಕಳ ಪೌಷ್ಟಿಕತೆ ನನ್ನ ಕೆಲಸ. ಮೂಲ ಪ್ರಶ್ನೆಗೆ ಬರುತ್ತೇನೆ, "ನಿಜವಾಗಲೂ ಏನಾದರೂ ಆಗುತ್ತದಾ" ಅಂತ ಕೇಳಿದ್ದೀರಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 19.5ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಇಲ್ಲ. ರಕ್ತಹೀನತೆ ಇರುವವರು ಶೇ. 65.5. ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತ ಕಮ್ಮಿ.

ಈಗ ಸೊಪ್ಪು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ಎ ವಿಟಮಿನ್, ಸಿ ವಿಟಮಿನ್, ಫೋಲೇಟ್ ಚೆನ್ನಾಗಿ ಸಿಗುತ್ತದೆ. ಕಬ್ಬಿಣ ಇದೆ, ಆದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಮ್ಮಿ. ಮೇಲೆ ನಿಂಬೆರಸ ಹಿಂಡಿದರೆ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗೆ ಕೊಟ್ಟರೆ ಜಾಸ್ತಿ ಹತ್ತುತ್ತದೆ. ಊಟದ ಹೊತ್ತಿಗೆ ಟೀ ಕುಡಿಸಿದರೆ ಇದ್ದದ್ದೂ ಹೋಗುತ್ತದೆ. ಬೆಳಿಗ್ಗೆ ಟೀ, ಬನ್ ತಿಂದು ಬರುವ ಮಕ್ಕಳು ಎಷ್ಟಿದ್ದಾರೆ ಅಂತ ಟೀಚರನ್ನು ಕೇಳಿ ನೋಡಿ.

ಸೊಪ್ಪಿನಿಂದ ಆಗದೇ ಇರುವುದು ತೂಕ. ಎರಡು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಅದನ್ನು ನೀರು ನೀರು ಸೊಪ್ಪಿನ ಸಾರಿನಿಂದ ತುಂಬಿಸಿದರೆ ಶಕ್ತಿ ಕೊಡುವ ಊಟಕ್ಕೆ ಜಾಗವೇ ಇರುವುದಿಲ್ಲ. ತೂಕ ಇಲ್ಲದ ಮಗುವಿಗೆ ಮೊಟ್ಟೆ, ಬೇಳೆ, ಕಡಲೆಬೀಜ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೇಕೇ ಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ ಇರುವ ಮಗು ಸಿಕ್ಕರೆ ಅದನ್ನು ತೋಟದ ಭರವಸೆಯಲ್ಲಿ ಇಟ್ಟುಕೊಳ್ಳಬೇಡಿ, ಅದು ವೈದ್ಯರ ಹತ್ತಿರ ಹೋಗಬೇಕಾದ ಮಗು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎತ್ತರ ಕುಂಠಿತವಾಗುವುದು ಬಹುಪಾಲು ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷ ತುಂಬುವ ಹೊತ್ತಿಗೆ. ಅಂಗನವಾಡಿಯಲ್ಲಿ ಕೂತು ಊಟ ಮಾಡುವುದು ಮೂರು ವರ್ಷ ದಾಟಿದವರು. ಹಾಗಾಗಿ ನಿಮ್ಮ ಸೊಪ್ಪು ಬಸುರಿಯರಿಗೆ, ಬಾಣಂತಿಯರಿಗೆ, ಚಿಕ್ಕ ಕೂಸುಗಳ ಮನೆಗೆ ಮೊದಲು ಹೋಗಬೇಕು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಇದೆ. ಆ ತಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆಂಗೇರಿ ಕೈತೋಟ
ಮೇಡಂ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ಬಸುರಿಯರ ವಿಷಯ ನಮ್ಮ ಯೋಚನೆಯಲ್ಲೇ ಇರಲಿಲ್ಲ. ನಾಳೆಯೇ ಟೀಚರ್ ಹತ್ತಿರ ಮಾತಾಡುತ್ತೇನೆ.

ಸಸ್ಯಾಹಾರಿ
ಮೊಟ್ಟೆಯೇ ಯಾಕೆ? ಬಾಳೆಹಣ್ಣು, ಚಿಕ್ಕಿ ಕೊಡಬಹುದಲ್ಲ. ಎಲ್ಲರ ಮನೆಯಲ್ಲೂ ಮೊಟ್ಟೆ ನಡೆಯುವುದಿಲ್ಲ.

ಪುಟ್ಟ ಮಕ್ಕಳ ಡಯಟಿಷಿಯನ್
ಬೇಡ ಅನ್ನುವ ಮನೆಯ ಮಗುವಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಚಿಕ್ಕಿ ಕೊಡಲಿ. ಆದರೆ ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಬಿ12 ಇದೆ. ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಚಿಲ್ಲರೆ. ಎರಡೂ ಒಂದೇ ಅಂತ ನಾನು ಹೇಳಲಾರೆ.

ಸಸ್ಯಾಹಾರಿ
ಕಾಳು, ಹಾಲು, ರಾಗಿ ಇದೆಯಲ್ಲ. ನಮ್ಮ ತಾತ ಮುತ್ತಾತ ಎಲ್ಲ ಅದರಲ್ಲೇ ಬೆಳೆದವರು.

ಲೆಕ್ಕ ಹೇಳಿ
ನಿಮ್ಮ ಮನೆ ಮಕ್ಕಳಿಗೆ ಹಾಲು, ಮೊಸರು, ತುಪ್ಪ, ಬಾದಾಮಿ ಎಲ್ಲ ಸಿಗುತ್ತೆ ಸಾರ್. ಕಟ್ಟಡ ಕೆಲಸದವರ ಶೆಡ್‌ನಲ್ಲಿರುವ ಮಗುವಿಗೆ ಸಿಗುವುದು ಆ ಒಂದು ಮೊಟ್ಟೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಆಗಿರುವುದು ಸುಮ್ನೆ ಅಲ್ಲ, ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಇದನ್ನು ಇಲ್ಲಿಗೇ ಬಿಡೋಣ, ತೋಟದ ವಿಷಯಕ್ಕೆ ಬನ್ನಿ.

ಬೆರಕೆ ಸೊಪ್ಪು
ರಾಗಿ ಅಂದ ಕೂಡಲೇ ನೆನಪಾಯಿತು. ನಮ್ಮದು ಮೂಲತಃ ಹೊಸಕೋಟೆ ಕಡೆ. ಮಳೆ ಬಿದ್ದ ಮೇಲೆ ರಾಗಿ ಹೊಲದ ಸಾಲಿನಲ್ಲಿ ಬರುವ ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕನ್ನೆ ಸೊಪ್ಪು ಎಲ್ಲ ಮಡಿಲಿಗೆ ಕಿತ್ತು ತಂದು, ಅವರೆಕಾಳು ಹಾಕಿ ಮಸೆದರೆ ಮುದ್ದೆ ಎರಡು ಜಾಸ್ತಿ ಇಳಿಯುತ್ತಿತ್ತು. ಯಾರೂ ಬಿತ್ತಲ್ಲ, ಯಾರೂ ನೀರು ಹಾಕಲ್ಲ. ಈಗ ಆ ಹೊಲವೆಲ್ಲ ಲೇಔಟ್ ಆಗಿದೆ.

ಟೆರೇಸ್ ತೋಟ
ಕೆ.ಆರ್. ಮಾರ್ಕೆಟ್‌ನಲ್ಲಿ ಈಗಲೂ ಬೆರಕೆ ಸೊಪ್ಪು ಸಿಗುತ್ತೆ, ಬೆಳಿಗ್ಗೆ ಬೇಗ ಹೋಗಬೇಕು.

ಬೆರಕೆ ಸೊಪ್ಪು
ಸಿಗುತ್ತೆ, ಆದರೆ ಎಲ್ಲಿಂದ ಕಿತ್ತು ತಂದರು ಅಂತ ಗೊತ್ತಿಲ್ಲದೆ ಮಕ್ಕಳಿಗೆ ಕೊಡಲು ಧೈರ್ಯ ಬರಲ್ಲ. ಬೆಳ್ಳಂದೂರಿನವರ ಮಾತು ಓದಿದ ಮೇಲಂತೂ ಇಲ್ಲವೇ ಇಲ್ಲ.

ಚಕ್ರಮುನಿ
ಚಕ್ರಮುನಿ ಸೊಪ್ಪು ಹಾಕಿ! ಒಂದು ಕಡ್ಡಿ ನೆಟ್ಟರೆ ಬೇಲಿ ತುಂಬ ಬೆಳೆಯುತ್ತೆ. ವಿಟಮಿನ್ ಗಿಡ ಅಂತಲೇ ಕರೆಯುತ್ತಾರೆ. ಮಕ್ಕಳು ಹಸಿಯಾಗೇ ಕಿತ್ತು ತಿನ್ನಬಹುದು.

ಪುಟ್ಟ ಮಕ್ಕಳ ಡಯಟಿಷಿಯನ್
ಬೇಯಿಸಿ, ಅಪರೂಪಕ್ಕೆ ಸ್ವಲ್ಪ ಆದರೆ ತೊಂದರೆ ಇಲ್ಲ. ಹಸಿಯಾಗಿ, ದಿನಾ ಬೇಡ. ತೈವಾನ್‌ನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲು ಇದರ ಹಸಿ ರಸ ಕುಡಿದ ಅನೇಕರಿಗೆ ಶ್ವಾಸಕೋಶ ಹಾಳಾಗಿದ್ದು ದಾಖಲಾಗಿದೆ. ಬಸಳೆ, ದಂಟು, ನುಗ್ಗೆ ಇರುವಾಗ ಅಂಗನವಾಡಿಗೆ ಇದು ಬೇಕಿಲ್ಲ.

ನುಗ್ಗೆ ಪ್ರೇಮಿ
ಅಂತೂ ನುಗ್ಗೆ ಹೆಸರು ಬಂತು! ಇಷ್ಟು ಹೊತ್ತು ಯಾರೂ ಹೇಳಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂ ಮೇಲೆ ಸುಣ್ಣದಂಶ. ರಾಗಿಯಲ್ಲೂ ಹತ್ತಿರ ಹತ್ತಿರ ಅಷ್ಟೇ, 364. ಆಕಳ ಹಾಲಿನಲ್ಲಿ 120 ಆಸುಪಾಸು. ಸೈಟ್‌ನ ಮೂಲೆಗೆ ಎರಡು ನುಗ್ಗೆ ಹಾಕಿ. ನೀರೂ ಜಾಸ್ತಿ ಬೇಡ.

ಅಂಗನವಾಡಿ ಅಕ್ಕ
ಹಾಕಿ, ಆದರೆ ಕಂಬಳಿಹುಳದ ಕಥೆ ಏನು? ನಮ್ಮ ಸೆಂಟರ್ ಪಕ್ಕದ ಮನೆಯ ನುಗ್ಗೆ ಮರದಿಂದ ಹುಳ ಗೋಡೆ ಮೇಲೆ ಸಾಲುಗಟ್ಟಿ ಬರುತ್ತಿತ್ತು. ಒಂದು ಮಗುವಿನ ಕುತ್ತಿಗೆ ಎಲ್ಲ ದದ್ದು ಎದ್ದು ರಾತ್ರಿಯಿಡೀ ಅತ್ತಿತ್ತು ಅಂತ ಅದರ ತಾಯಿ ಬಂದು ಬೈದರು. ಅವರು ಬೈದಿದ್ದೂ ನ್ಯಾಯವೇ.

ಜಿಕೆವಿಕೆ ಹಳೇ ವಿದ್ಯಾರ್ಥಿ
ಮರ ಆಗಲು ಬಿಡಬಾರದು. ಎದೆಮಟ್ಟಕ್ಕೆ ಬಂದ ಕೂಡಲೇ ತುದಿ ಚಿವುಟಿ, ಮತ್ತೆ ಮತ್ತೆ ಕತ್ತರಿಸಿ ಪೊದೆ ಮಾಡಿಕೊಳ್ಳಿ. ಕಾಯಿಗಲ್ಲ, ಸೊಪ್ಪಿಗೆ ಮಾತ್ರ. ಆಗ ಎಲೆಯೆಲ್ಲ ಕೈಗೆಟುಕುತ್ತದೆ, ಹುಳದ ಮರಿ ಗುಂಪಾಗಿ ಕಾಂಡಕ್ಕೆ ಅಂಟಿರುವಾಗಲೇ ಕಣ್ಣಿಗೆ ಬೀಳುತ್ತದೆ, ಆ ಕೊಂಬೆಯನ್ನೇ ತೆಗೆಯಬಹುದು. ಅಂಗನವಾಡಿಯ ಗೋಡೆಯಿಂದ ದೂರದ ಮೂಲೆಗೆ ಹಾಕಿ. ಮಾಲೀಕರಿಗೂ ಮರ ಕಡಿಯುವ ತಲೆನೋವು ಬರುವುದಿಲ್ಲ.

ವಕೀಲರ ಮನೆ
ಮಾಲೀಕರು ಫೋನ್‌ನಲ್ಲಿ ಹೂಂ ಅಂದದ್ದು ಸಾಲದು. ಒಂದು ಕರಾರು ಪತ್ರ ಮಾಡಿಕೊಳ್ಳಿ. ಜಾಗದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಬಾಡಿಗೆ ಇಲ್ಲ, ಎರಡು ತಿಂಗಳು ಮುಂಚೆ ಹೇಳಿದರೆ ಖಾಲಿ ಮಾಡುತ್ತೇವೆ ಅಂತ ಬರೆಯಿರಿ. 11 ತಿಂಗಳಿಗೊಮ್ಮೆ ಹೊಸದು ಮಾಡಿ. ಖಾಲಿ ಸೈಟ್ ಮಾಲೀಕರಿಗೆ ಇರುವ ದೊಡ್ಡ ಭಯ ಒತ್ತುವರಿ. ಆ ಭಯ ಕಳೆದರೆ ಪಕ್ಕದ ಸೈಟಿನವರೂ ಕೊಡುತ್ತಾರೆ.

ನೈಸ್ ರೋಡ್ ಪಕ್ಕ
ಸೈಟ್ ರಗಳೆ ಯಾಕೆ, ಪಾರ್ಕ್‌ನಲ್ಲೇ ಒಂದು ಮೂಲೆಯಲ್ಲಿ ಮಾಡಿದರೆ ಆಗಲ್ವಾ?

ವಕೀಲರ ಮನೆ
ಪಾರ್ಕ್, ಆಟದ ಮೈದಾನಗಳಿಗೆ 1985ರ ಕಾಯ್ದೆ ಇದೆ, ಬೇರೆ ಬಳಕೆಗೆ ಕೊಡುವ ಹಾಗಿಲ್ಲ. ಪಾಲಿಕೆಯನ್ನು ಕೇಳದೆ ಗುದ್ದಲಿ ಇಡಬೇಡಿ.

ಸುರಪುರದ ಹುಡುಗ
ನಮ್ಮದು ಯಾದಗಿರಿ ಜಿಲ್ಲೆ. ಆ ಶೆಡ್‌ಗಳಲ್ಲಿ ಇರುವವರಲ್ಲಿ ನಮ್ಮ ಊರಿನವರೂ ಇರಬಹುದು. ಇಷ್ಟು ಹೊತ್ತು ಓದಿದೆ. ದಂಟು, ಬಸಳೆ, ಮಸ್ಸೊಪ್ಪು ಅಂತ ಎಲ್ಲರೂ ನಿಮ್ಮ ನಿಮ್ಮ ಮನೆ ಊಟವನ್ನೇ ಹೇಳುತ್ತಿದ್ದೀರಿ. ಆ ಮಕ್ಕಳ ಅಮ್ಮಂದಿರನ್ನು ಯಾರಾದರೂ ಕೇಳಿದ್ದೀರಾ? ನಮ್ಮ ಕಡೆ ಪುಂಡಿಪಲ್ಯ (ನೀವು ಗೋಂಗೂರ ಅನ್ನುವ ಹುಳಿ ಸೊಪ್ಪು), ರಾಜಗಿರಿ, ಹಕ್ಕರಕಿ, ಮೆಂತ್ಯ. ಜೋಳದ ನುಚ್ಚು ಹಾಕಿ ಮಾಡಿದ ಪುಂಡಿಪಲ್ಯ ರೊಟ್ಟಿಗೆ ಹಚ್ಚಿ ಕೊಟ್ಟರೆ ನಮ್ಮ ಮಕ್ಕಳು ಬೇಡ ಅನ್ನುವುದಿಲ್ಲ. ಬೆಂಗಳೂರಿನ ಹುಳಿ ಅವಕ್ಕೆ ರೂಢಿ ಇಲ್ಲ. ತಟ್ಟೆಯಲ್ಲಿ ಬಿಡುತ್ತವೆ, ಆಮೇಲೆ "ಈ ಮಕ್ಕಳು ತಿನ್ನಲ್ಲ" ಅಂತ ಹೆಸರು.

ಮತ್ತೆ ಆ ಹೆಂಗಸರು ಎಲ್ಲರೂ ಒಕ್ಕಲುತನ ಮಾಡಿದವರು. ಊರಲ್ಲಿ ಹೊಲ ಒಣಗಿ, ಸಾಲ ಆಗಿ ಇಲ್ಲಿಗೆ ಬಂದು ಇಟ್ಟಿಗೆ ಹೊರುತ್ತಿದ್ದಾರೆ. ಕಳೆ ತೆಗೆಯುವುದು, ಬೀಜ ಉಳಿಸುವುದು ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರನ್ನು ಕೈ ಚಾಚಿ ತಗೊಳ್ಳುವವರು ಅಂತ ನೋಡಬೇಡಿ. ಕೆಲಸಕ್ಕೆ ಕರೆದರೆ ಕೂಲಿ ಕೊಡಿ. ಒಂದು ದಿನದ ಪಗಾರ ಬಿಟ್ಟು ಪುಕ್ಕಟೆ ತೋಟ ಮಾಡಲು ಅವರಿಗೆ ಆಗುವುದಿಲ್ಲ.

ಕೆಂಗೇರಿ ಕೈತೋಟ
ಅಣ್ಣ, ನೀವು ಹೇಳಿದ್ದು ಮನಸ್ಸಿಗೆ ತಾಗಿತು. ಪುಂಡಿ ಬೀಜ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ಸುರಪುರದ ಹುಡುಗ
ಹುಡುಕುವುದು ಬೇಡ. ಊರಿಗೆ ಹೋಗಿ ಬರುವವರ ಕೈಯಲ್ಲಿ ತರಿಸಿಕೊಡುತ್ತೇನೆ. ಅಮ್ಮನ ಹತ್ತಿರ ಡಬ್ಬಿ ತುಂಬ ಇರುತ್ತದೆ.

ಗುಂಪು ಕೃಷಿ
ಸುರಪುರದವರ ಮಾತನ್ನು ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಬೇಕು. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀ ಯೋಜನೆಯಲ್ಲಿ ಹೆಂಗಸರು ನಾಲ್ಕೈದು ಜನ ಸೇರಿ ಪಾಳುಬಿದ್ದ ಜಮೀನು ಗುತ್ತಿಗೆ ಹಿಡಿದು ಬೇಸಾಯ ಮಾಡುತ್ತಾರೆ. ಬ್ಯಾಂಕ್ ಸಾಲ ಗುಂಪಿನ ಹೆಸರಿನಲ್ಲೇ ಸಿಗುತ್ತದೆ. ಮನೆಗೆ ಆಗಿ ಮಿಕ್ಕಿದ್ದು ಮಾರಾಟಕ್ಕೆ. ನಮ್ಮ ಪಕ್ಕದ ತೆಲಂಗಾಣದ ಜಹೀರಾಬಾದ್‌ನಲ್ಲಿ ದಲಿತ ಹೆಂಗಸರ ಸಂಘಗಳು ಬೀಳು ಭೂಮಿಯಲ್ಲಿ ಸಿರಿಧಾನ್ಯ ಬೆಳೆದು, ಊರಿನದೇ ಧಾನ್ಯ ಸಂಗ್ರಹ ಮಾಡಿಕೊಂಡು, ಬಡವರ ಮನೆಗೆ ಕಡಿಮೆ ಬೆಲೆಗೆ ಕೊಟ್ಟಿದ್ದಾರೆ.

ಬ್ರೆಜಿಲ್‌ನಲ್ಲಿ 2009ರಲ್ಲಿ ಕಾನೂನೇ ಮಾಡಿದರು. ಶಾಲೆ ಊಟಕ್ಕೆ ಕೇಂದ್ರ ಕೊಡುವ ದುಡ್ಡಿನಲ್ಲಿ ಕನಿಷ್ಠ ಶೇ. 30 ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚಾಗಬೇಕು ಅಂತ. ನಮ್ಮಲ್ಲೂ ಅಂಗನವಾಡಿಯ ತರಕಾರಿ ದುಡ್ಡು ಅದೇ ವಾರ್ಡಿನ ಹೆಂಗಸರ ಗುಂಪಿಗೆ ಹೋದರೆ ಹೇಗಿರುತ್ತದೆ ಯೋಚಿಸಿ. ಸ್ತ್ರೀಶಕ್ತಿ ಸಂಘಗಳು ಹೇಗೂ ಇವೆ. ದಾನವಾಗಿ ಕೊಡುವ ತೋಟ ಉತ್ಸಾಹ ಇರುವ ತನಕ ನಡೆಯುತ್ತದೆ, ದುಡ್ಡು ಹುಟ್ಟುವ ತೋಟ ಉಳಿಯುತ್ತದೆ.

ಹೊಟ್ಟೆ ತುಂಬ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸರ್ಕಾರ ಕೊಡುವ ದುಡ್ಡೂ ನಿಲ್ಲಲ್ಲ, ಹೆಂಗಸರಿಗೂ ಕೂಲಿ ಸಿಗುತ್ತೆ.

ಲೆಕ್ಕ ಹೇಳಿ
ಒಪ್ಪುವುದು ಸುಲಭ. ಅಕ್ಕ ಮೇಲೆ ಹೇಳಿದರಲ್ಲ, ಅಂಗನವಾಡಿಯ ತರಕಾರಿ ದುಡ್ಡು ಯಾವುದಕ್ಕೂ ಸಾಲಲ್ಲ ಅಂತ. ಅದರಲ್ಲಿ ಕೂಲಿ ಹುಟ್ಟುವುದಿಲ್ಲ. ಬೀದಿಯ ಮನೆಗಳು ಮಾರ್ಕೆಟ್ ರೇಟಿಗೆ ಸೊಪ್ಪು ಕೊಂಡರೆ ಮಾತ್ರ ಹುಟ್ಟುತ್ತೆ. ಅರ್ಧ ಅಂಗನವಾಡಿಗೆ, ಅರ್ಧ ಮಾರಾಟಕ್ಕೆ ಅಂತ ಮಾಡಿ. ಆದರೆ ಮೊದಲ ಕೊಯ್ಲು ಯಾವತ್ತೂ ಅಂಗನವಾಡಿಗೇ ಅಂತ ಮುಂಚೆಯೇ ಬರೆದುಕೊಳ್ಳಿ. ಇಲ್ಲದಿದ್ದರೆ ಚೆನ್ನಾಗಿರುವುದು ಮಾರಾಟಕ್ಕೆ, ಬಲಿತದ್ದು ಮಕ್ಕಳಿಗೆ ಅಂತ ಆಗಿಬಿಡುತ್ತೆ.

ಅಂಗನವಾಡಿ ಅಕ್ಕ
ಬಲಿತ ದಂಟು, ನಾರು ಬಂದ ಬೆಂಡೆಕಾಯಿ ನಮಗೆ ತಂದು ಕೊಟ್ಟವರು ಇದ್ದಾರೆ. ಹಾಗಾಗಿ ಲೆಕ್ಕದವರು ಹೇಳಿದ್ದನ್ನು ಖಂಡಿತ ಬರೆದುಕೊಳ್ಳಿ.

ಮೂರು ಮಕ್ಕಳ ಅಮ್ಮ
ಮಕ್ಕಳು ಸೊಪ್ಪು ತಿನ್ನಲ್ಲ ಅನ್ನುವವರಿಗೆ. ಎಲೆ ಎಲೆಯಾಗಿ ಕಂಡರೆ ತೆಗೆದು ಪಕ್ಕಕ್ಕಿಡುತ್ತಾರೆ. ಬೇಳೆ ಜೊತೆ ಬೇಯಿಸಿ, ಕಡೆಗೋಲಿನಲ್ಲಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮಸ್ಸೊಪ್ಪು ಮಾಡಿದರೆ ಸದ್ದಿಲ್ಲದೆ ಹೋಗುತ್ತೆ. ನುಗ್ಗೆ ಸೊಪ್ಪು ಆದರೆ ಸಣ್ಣಗೆ ಹೆಚ್ಚಿ ಮೊಟ್ಟೆ ಪಲ್ಯಕ್ಕೆ. ಇನ್ನು ತೋಟದಲ್ಲಿ ಒಂದು ಸಣ್ಣ ಮಡಿ ಮಕ್ಕಳಿಗೇ ಬಿಟ್ಟುಕೊಡಿ, ಅದರಲ್ಲಿ ಕಡಲೆಕಾಯಿ ಹಾಕಿ. ಗಿಡ ಹಿಡಿದು ಎಳೆದಾಗ ಬೇರಿನ ತುಂಬ ಕಾಯಿ ಜೋತುಕೊಂಡು ಬರುತ್ತಲ್ಲ, ಆಗ ಆ ಮಕ್ಕಳ ಕಿರುಚಾಟ ನೋಡಬೇಕು. ಮಣ್ಣು ಉದುರಿಸಿ, ತೊಳೆದು, ಉಪ್ಪು ಹಾಕಿ ಬೇಯಿಸಿ ಕೊಟ್ಟರೆ ಒಂದು ಕಾಯಿ ಮಿಗಲ್ಲ.

ಪುಟ್ಟ ಮಕ್ಕಳ ಡಯಟಿಷಿಯನ್
ಕಡಲೆಕಾಯಿ ಒಳ್ಳೆಯ ಯೋಚನೆ, ಪ್ರೋಟೀನು, ಕೊಬ್ಬು ಎರಡೂ ಸಿಗುತ್ತದೆ. ಆದರೆ ತೀರಾ ಚಿಕ್ಕವರಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ, ಅರೆದು ಕೊಡಿ. ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಜಂತುಹುಳದ ಮಾತ್ರೆಯನ್ನು ಅಂಗನವಾಡಿಯಲ್ಲೇ ಕೊಡುತ್ತಾರೆ, ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳ ಇದ್ದರೆ, ಪದೇ ಪದೇ ಭೇದಿ ಆಗುತ್ತಿದ್ದರೆ ಎಷ್ಟು ಉಣ್ಣಿಸಿದರೂ ಮಗು ಮೈ ಹಿಡಿಯುವುದಿಲ್ಲ. ಶೆಡ್‌ಗಳಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತಿದೆ, ಶೌಚಾಲಯ ಇದೆಯಾ ಅಂತಲೂ ನೋಡಿ. ಅಷ್ಟನ್ನು ನೋಡದೆ ಬರೀ ತೋಟ ಮಾಡಿದ ಕಡೆ ತೂಕದ ಕಾರ್ಡಿನ ಗೆರೆ ಮೇಲೇಳುವುದಿಲ್ಲ.

ಟೆರೇಸ್ ತೋಟ
ಗೊಬ್ಬರದ ವಿಷಯಕ್ಕೂ ಅದೇ. ಹಸಿ ಸಗಣಿ ಹಾಕಬೇಡಿ, ಚೆನ್ನಾಗಿ ಕೊಳೆತದ್ದೇ ಆಗಬೇಕು. ಬೀದಿ ಮನೆಗಳ ಹಸಿ ಕಸದಲ್ಲೇ ಕಾಂಪೋಸ್ಟ್ ಮಾಡಬಹುದು. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಇದೆ, ಬೇರೆ ಬೇರೆ ಥರದ ಕಾಂಪೋಸ್ಟ್ ಗುಂಡಿ, ಡಬ್ಬ ಎಲ್ಲ ಕಣ್ಣಾರೆ ನೋಡಬಹುದು. ಬೀದಿಯವರೆಲ್ಲ ಒಂದು ಭಾನುವಾರ ಹೋಗಿ ಬನ್ನಿ.

ನೈಸ್ ರೋಡ್ ಪಕ್ಕ
ಹೆಗ್ಗಣ ಬರಲ್ವಾ?

ಟೆರೇಸ್ ತೋಟ
ಬೇಯಿಸಿದ ಅನ್ನ, ಸಾರು, ಮಾಂಸದ ಚೂರು ಹಾಕಿದರೆ ಬರುತ್ತೆ. ಸಿಪ್ಪೆ, ತರಗೆಲೆ ಮಾತ್ರ ಹಾಕಿ ಮುಚ್ಚಿಟ್ಟರೆ ಅಷ್ಟಾಗಿ ಬರಲ್ಲ.

ಲೆಕ್ಕ ಹೇಳಿ
ತೋಟ ಕೈಕೊಟ್ಟ ವಾರ ಏನು ಮಾಡ್ತೀರಿ? ಇದಕ್ಕೂ ಉತ್ತರ ಇರಲಿ. ಸಣ್ಣ ಹಣ ಎತ್ತಿಟ್ಟು ಹಾಪ್‌ಕಾಮ್ಸ್‌ನಿಂದ ತಂದು ಕೊಡಿ. ಮಕ್ಕಳ ತಟ್ಟೆ ಮಳೆ ನೋಡಿ ಬದಲಾಗಬಾರದು.

ಕೆಂಗೇರಿ ಕೈತೋಟ
ಎಲ್ಲ ಓದಿ ಬೀದಿಯವರ ಜೊತೆ ಕೂತು ಮಾತಾಡಿದೆವು. ಈಗ ಹೀಗೆ ಅಂದುಕೊಂಡಿದ್ದೇವೆ. ಮೊದಲು ಮಣ್ಣು, ನೀರು ಪರೀಕ್ಷೆ. ವರದಿ ಬರುವ ತನಕ ಬೀಜ ಹಾಕುವುದಿಲ್ಲ, ಡೆಬ್ರಿ ಎತ್ತಿಸುವುದಷ್ಟೇ. ಶುರುವಿಗೆ ನಾಲ್ಕೇ ಎತ್ತರದ ಮಡಿ. ಎರಡರಲ್ಲಿ ದಂಟು, ಒಂದರಲ್ಲಿ ಪುಂಡಿ, ಒಂದು ಮಕ್ಕಳ ಕಡಲೆಕಾಯಿಗೆ. ದೂರದ ಮೂಲೆಯಲ್ಲಿ ನುಗ್ಗೆ ಪೊದೆ. ಸೊಪ್ಪು ಬಿಡಿಸಿ, ತೊಳೆದು ಕೊಡುವ ಸರದಿ ನಮ್ಮ ಮನೆಗಳದ್ದು. ಶೆಡ್‌ನ ಇಬ್ಬರು ಹೆಂಗಸರು ವಾರಕ್ಕೆರಡು ದಿನ ಬರುತ್ತೇವೆ ಅಂದಿದ್ದಾರೆ, ಅವರು ಹೇಳಿದ ಕೂಲಿಯನ್ನೇ ಕೊಡುತ್ತೇವೆ. ಟೀಚರ್ ಹೇಳಿದ ಪ್ರಕಾರ ಈಗ ಮೂವರು ಬಸುರಿಯರು ಊಟಕ್ಕೆ ಬರುತ್ತಿದ್ದಾರೆ, ಇನ್ನಿಬ್ಬರು ಕೆಲಸ ಬಿಟ್ಟು ಬರಲಾಗುವುದಿಲ್ಲ ಅಂತ ಬರುತ್ತಿಲ್ಲ. ಆ ಇಬ್ಬರಿಗೆ ಸೊಪ್ಪು ಮನೆಗೇ ತಲುಪಿಸಬಹುದಾ ಅಂತ ನೋಡುತ್ತಿದ್ದೇವೆ.

ಪುಟ್ಟ ಮಕ್ಕಳ ಡಯಟಿಷಿಯನ್
ಸೊಪ್ಪು ತಲುಪಿಸಿ, ಜೊತೆಗೆ ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದಾರಾ ಅಂತ ಕೇಳಿ. ಆಶಾ ಕಾರ್ಯಕರ್ತೆಯ ನಂಬರ್ ಅವರ ಹತ್ತಿರ ಇದೆಯಾ ನೋಡಿ.

ಅಂಗನವಾಡಿ ಅಕ್ಕ
ಮೇಸ್ತ್ರಿ ಹತ್ತಿರವೂ ಒಂದು ಮಾತಾಡಿ. ಮಧ್ಯಾಹ್ನ ಒಂದು ಗಂಟೆ ಬಿಟ್ಟರೆ ಅವರೇ ಊಟಕ್ಕೆ ಬರುತ್ತಾರೆ. ಹೆಣ್ಣುಮಕ್ಕಳು ಕೇಳಿದರೆ ಕೂಲಿ ಕಡಿಯುತ್ತೇನೆ ಅನ್ನುವ ಮೇಸ್ತ್ರಿ, ಬೀದಿಯ ನಾಲ್ಕು ಜನ ಹೋಗಿ ಕೇಳಿದರೆ ಒಪ್ಪಬಹುದು.

ಕೆಂಗೇರಿ ಕೈತೋಟ
ಅಕ್ಕ, ಈ ಶನಿವಾರ ಹೋಗಿ ಮಾತಾಡುತ್ತೇವೆ. ಶನಿವಾರ ಬಟವಾಡೆ ದಿನ, ಮೇಸ್ತ್ರಿ ಅಲ್ಲೇ ಇರುತ್ತಾರಂತೆ.

ಸುರಪುರದ ಹುಡುಗ
ನಾನೂ ಬರುತ್ತೇನೆ. ಎಷ್ಟು ಹೊತ್ತಿಗೆ ಅಂತ ಹೇಳಿ. ಪುಂಡಿ ಬೀಜ ಅವತ್ತೇ ತರುತ್ತೇನೆ.